ತುಂಡುಬಾಲದ ಮೀನು

ದೊಮಿತಿಲಾಳ ಹಿತ್ತಲಿನ ಪೀಪಾಯಿಯಲ್ಲಿ ಮೀನಿರಲಿಲ್ಲ. ಮನೆಯೊಳಗೆ ಅವಳ ತಮ್ಮನ ಹೆಣವಿತ್ತು—ಹಳದಿ ಜ್ವರ. ಗ್ವಾಯಾಸ್ ನದಿ ದಡದ ಆ ಬೀದಿಯಲ್ಲಿ ತಿಂಗಳೊಳಗೆ ಇದು ಮೂರನೆಯ ಸಾವು.

ಸೊಳ್ಳೆಮರಿ ತಿನ್ನುವ ಮೀನೊಂದು ಪ್ರತಿ ಪೀಪಾಯಿಯಲ್ಲೂ ಇರಲೇಬೇಕು, ಇಲ್ಲದಿದ್ದರೆ ದಂಡ. ಅದು ಪುರಸಭೆಯ ಕಟ್ಟಳೆ. ಆರೋಗ್ಯ ಇನ್ಸ್‌ಪೆಕ್ಟರ್ ನಿಕಾನೋರ್ ನಿನ್ನೆ ತಾನೇ ಇಲ್ಲಿ ಮೀನು ನೋಡಿ ಸಹಿ ಹಾಕಿದ್ದ. ಇಂದು ಬಾಗಿಲಿಗೆ ಜ್ವರದ ಮನೆಯೆಂದು ಸಾರುವ ಹಳದಿ ಚೀಟಿಯನ್ನು ಮೊಳೆ ಹೊಡೆದು, ಹಿತ್ತಲಿಗೆ ಬಂದು ಪೀಪಾಯಿಯೊಳಗೆ ಬಗ್ಗಿ ನೋಡಿದ. ಬೆಳಗ್ಗೆ ಅವನ ಮಗಳು ದೆಲ್ಫಿನಾಳ ಮೈಯೂ ಬೆಚ್ಚಗಿತ್ತು. ಶೀತವಿರಬೇಕು ಎಂದುಕೊಂಡು ಬಂದಿದ್ದ.

“ಮೀನೆಲ್ಲಿ?”

“ರಾತ್ರಿ ಯಾರೋ ಕದ್ದಿದಾರೆ, ಇನ್ಸ್‌ಪೆಕ್ಟರೇ.”

“ಯಾರ ಮೇಲೆ ಅನುಮಾನ?”

“ನೀರು ಮಾರೋ ತೆಯೋಫಿಲೊ ಮೇಲೆ. ಮೀನು ಬಿಟ್ಟ ನೀರು ಕೆಸರುವಾಸ್ನೆ ಅಂತ ಊರೆಲ್ಲ ಆಡ್ಕೊಂಡು ತಿರುಗ್ತಾನೆ.”

ಬೇಲಿಯಾಚೆ ನೀರಿನ ಕತ್ತೆ ಹಿಡಿದು ನಿಂತಿದ್ದ ತೆಯೋಫಿಲೊ ಮುಖ ಗಂಟಿಕ್ಕಿದ. “ಬೆರಳುದ್ದದ ಮೀನು ಕದ್ದು ಏನ್ ಮಾಡ್ಲಿ? ಸಾರಿಗೂ ಸಾಲಲ್ಲ.”

ನಿಕಾನೋರ್ ಸೋರೆಬುರುಡೆಯಲ್ಲಿ ನೀರು ಮೊಗೆದ. ಸೊಳ್ಳೆಮರಿಗಳು ಬುಳುಬುಳು ಎನ್ನುತ್ತಿದ್ದವು.

“ಇವು ವಾರದ ಮರಿಗಳು. ಇಲ್ಲಿ ಮೀನು ವಾಸ ಇದ್ದಿದ್ರೆ ಒಂದೂ ಉಳೀತಿರಲಿಲ್ಲ. ಕಳವೇ ಆಗಿಲ್ಲ. ನಾನು ಬರೋ ಹೊತ್ತಿಗೆ ಮಾತ್ರ ಮೀನು ಬರ್ತಿತ್ತು—ಅಲ್ವಾ?”



ನಿನ್ನೆ ನೋಡಿದ ಮೀನಿಗೆ ಅರ್ಧ ಬಾಲ. ಮೂಲೆಮನೆಯಲ್ಲೂ ಅರ್ಧ ಬಾಲ. ಚಮ್ಮಾರನ ಮನೆಯಲ್ಲೂ. ಆಗ ಹೊಳೆದಿರಲಿಲ್ಲ. ಬಾಲ ತುಂಡಾದ ಮೀನನ್ನು ಜನಕ್ಕೆ ಹಂಚಲು ಮನಸ್ಸಾಗದೆ ಅವನು ಬಿಟ್ಟಿದ್ದಾದರೂ ಎಲ್ಲಿ? ತನ್ನ ಮನೆಯ ಪೀಪಾಯಿಯಲ್ಲೇ.

“ಹೇಳಮ್ಮ. ನನ್ನ ಹೆಂಡ್ತಿ ಒರ್ತೆನ್ಸಿಯಾ ಕೊಟ್ಟಳಾ?”

“ನಮ್ಮನೆ ಮೀನು ಸತ್ತುಹೋಗಿತ್ತು. ಚರ್ಚಲ್ಲಿ ನಿಮ್ಮ ಮಗಳನ್ನ ಎತ್ಕೊಂಡ ಜ್ಞಾನತಾಯಿ ನಾನು. ನಿಮ್ಮ ಹೆಂಡ್ತಿ ನಂಗೆ ಹೇಗೆ ಇಲ್ಲ ಅಂತಾಳೆ? ನನ್ನಿಂದ ಬೀದಿಯೋರೆಲ್ಲ ಇಸ್ಕೊಂಡ್ರು, ಮೀನು ನಿಮ್ಮನೆಗೆ ವಾಪಸ್ ಬರ್ಲೇ ಇಲ್ಲ. ನಿಮ್ಮನೆ ಪೀಪಾಯಿ ಹೇಗೂ ಯಾರೂ ನೋಡಲ್ಲ ಅಂದ್ಕೊಂಡ್ವಿ.” ಅವಳು ಬಿಕ್ಕಿದಳು.

“ಹಾಗಾದ್ರೆ ತಪ್ಪು ಯಾರ್ದು?” ತೆಯೋಫಿಲೊ ಕೇಳಿದ.

“ನಂದು. ಊರಿನ ಪೀಪಾಯಿಗೆಲ್ಲ ಬಗ್ಗಿದೆ, ನಮ್ಮನೇದೊಂದು ಬಿಟ್ಟು.”

ನಿಕಾನೋರ್ ಮನೆಗೆ ಓಡಿದ. ಮನೆಯ ಪೀಪಾಯಿಯ ಮುಚ್ಚಳ ತೆಗೆದ. ಬುಳುಬುಳು.

ಒಳಗೆ ಒರ್ತೆನ್ಸಿಯಾ ಮಗುವನ್ನು ಅವಚಿಕೊಂಡು ಕೂತಿದ್ದಳು. ದೆಲ್ಫಿನಾಳ ಮೈ ಕೆಂಡವಾಗಿತ್ತು.

“ಬರೀ ಶೀತ ಅಲ್ವೇನ್ರೀ?”

ನಿಕಾನೋರ್ ಬಾಗಿಲಿಗೆ ಹೋದ. ಚೀಲದಿಂದ ಸುತ್ತಿಗೆ ತೆಗೆದ, ಹಳದಿ ಚೀಟಿಯನ್ನೂ ತೆಗೆದ.