ಕಾಟಾ ನಿಲ್ಲಿಸಿದ ಮಹಾನಂದಾ

ಮಹಾನಂದಾ ತನ್ನೂರು ಸಂಗೊಳ್ಳಿಯಲ್ಲಿ ಬಸ್ಸು ಹತ್ತಿದ್ದು ಕಂಪ್ಯೂಟರ್ ರಿಪೇರಿ ಮಾಡಲಿಕ್ಕಲ್ಲ, ಶಿವಲಿಂಗನ ಮುಖ ಸಣ್ಣದಾಗುವುದನ್ನು ಕಣ್ಣಾರೆ ನೋಡಲಿಕ್ಕೆ.

ಹೋದ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ರೂಮಿನಲ್ಲಿ ಇಬ್ಬರದೂ ಜೋಡಿ ಕೆಲಸ. ಮದುವೆಯ ಮಾತೂ ನಡೆದಿತ್ತು. ಒಂದು ದಿನ ಡಿಸ್ಕ್ ತುಂಬಿ, ಕಬ್ಬು ತೂಗುವ ಕಾಟಾ ನಿಂತಿತು. ಮ್ಯಾನೇಜರ್ ಲಗಮಪ್ಪ ರೇಗಿದಾಗ, "ಮಹಾನಂದಾ ಸಿನಿಮಾ ತುಂಬಿರಬೇಕ್ರಿ" ಎಂದುಬಿಟ್ಟ ಶಿವಲಿಂಗ, ಪುಣ್ಯಾತ್ಮ! ಅವಳ ನೌಕರಿ ಹೋಯಿತು. ಅವನ ಅವ್ವ ಶಟ್ಟೆವ್ವ ಸಂಗೊಳ್ಳಿಗೆ ಬಂದು, ಇಂಥ ಹುಡುಗಿ ಬೇಡವೆಂದು ಹೇಳಿಹೋದಳು. ಅವನ ಮೇಲೆ ಜೀವ ಇಟ್ಟಿದ್ದಕ್ಕೇ ಮಹಾನಂದಾಗೆ ಅಷ್ಟು ಸಿಟ್ಟು.

ಈಗ ಮತ್ತೆ ಕಾಟಾ ನಿಂತಿತ್ತು. ಟ್ರ್ಯಾಕ್ಟರುಗಳ ಸಾಲು ರಸ್ತೆ ಮುಟ್ಟಿತ್ತು. ಯಾರಿಗೂ ಬಗೆಹರಿಯದೆ ಅವನೇ ಫೋನು ಮಾಡಿದ್ದ.

"ಚಾ ತಗೋತೀ?" ಅವಳು ರೂಮಿಗೆ ಕಾಲಿಟ್ಟೊಡನೆ ಶಿವಲಿಂಗ ಕೇಳಿದ.

"ಕೆಲಸಕ್ಕ ಬಂದೇನ್ರಿ. ಅತ್ತ ಸರೀರಿ."

ಅವಳ ಓಢಣಿ ಅವನ ಕೈಗೆ ತಾಗಿತು. ಅವನು ಕೈ ತೆಗೆಯಲಿಲ್ಲ. ಅವಳು ನೋಡಿಯೂ ನೋಡದಂತೆ ಕೀಬೋರ್ಡ್ ಎಳೆದುಕೊಂಡಳು.

ಡಿಸ್ಕ್ ಪೂರ್ತಿ ತುಂಬಿದೆ ಎಂದಿತು ಲಿನಕ್ಸ್. ಫೋಲ್ಡರುಗಳನ್ನೆಲ್ಲ ಕೂಡಿಸಿದರೆ ಅರ್ಧವೂ ಇಲ್ಲ. ಅಳಿಸಿದ ಮೇಲೂ ಯಾವುದಾದರೂ ಪ್ರೋಗ್ರಾಮ್ ಹಿಡಿದುಕೊಂಡ ಫೈಲು ಇದ್ದರೆ ತೋರಿಸೆಂದು ಕೇಳಿದಳು. ಒಂದೇ ಒಂದು ಬಂತು: ಕಾಟಾ ಪ್ರೋಗ್ರಾಮ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲು, ಆನೆಗಾತ್ರದ್ದು.

"ಇದನ್ನ ಅಳಿಸಿದಾವ್ರು ಯಾರ್ರಿ?"

"ನಾನ. ಜಾಗಾ ಆಗಲಿ ಅಂತ."

"ಪ್ರೋಗ್ರಾಮ್ ಬಂದ್ ಮಾಡಿದ್ರೇನು?"

"ಹೆಂಗ ಮಾಡ್ಲಿ? ಪೂಜಿ ಮಾಡಿ ಚಾಲೂ ಮಾಡಿದ್ದು."

ಅದು ಅಲ್ಲಿಯ ಪದ್ಧತಿ. ಕಾಯಿ ಒಡೆದು ಶುರು ಮಾಡಿದ ಪ್ರೋಗ್ರಾಮನ್ನು ಹಂಗಾಮಿನ ಕೊನೆಯ ಗಾಡಿ ತೂಗುವವರೆಗೆ ನಿಲ್ಲಿಸುವಂತಿಲ್ಲ. ಅದು ನಿಲ್ಲದೆ ಅಳಿಸಿದ ಫೈಲು ಜಾಗ ಬಿಡುವುದಿಲ್ಲ.

"ಹ್ವಾದ ವರ್ಷನೂ ಹಿಂಗ ಮಾಡಿದ್ರಿ, ಹೌದಿಲ್ಲೋ?"

ಶಿವಲಿಂಗ ತಲೆ ತಗ್ಗಿಸಿದ. "ಹೌದು. ಅಳಿಸಿದ್ರೂ ಜಾಗಾ ಆಗಲಿಲ್ಲ. ಅಂಜಿ ನಿನ್ನ ಹೆಸರು ಹೇಳಿದ್ನಿ."

ಮಹಾನಂದಾ ಕೀಬೋರ್ಡ್ ಬದಿಗಿಟ್ಟಳು. ಗಾಡಿ ನಂಬರು ಕೂಗುವ ಮೈಕನ್ನು ಅವನ ಮುಂದೆ ತಳ್ಳಿದಳು.

"ಇದರಾಗ ಹೇಳ್ರಿ. ಅಲ್ಲೀತನ ನಾ ಏನೂ ಮುಟ್ಟಂಗಿಲ್ಲ."

ಅವನು ಅವಳ ಕಣ್ಣು ನೋಡಿದ. ಅಲ್ಲಿ ಕರುಣೆಯ ಸುಳಿವೇ ಇರಲಿಲ್ಲ. ಗುಂಡಿ ಒತ್ತಿದ.

"ಹ್ವಾದ ವರ್ಷ ಕಾಟಾ ನಿಲ್ಲಿಸಿದಾಂವ ನಾನು, ಶಿವಲಿಂಗ. ಮಹಾನಂದಾಂದು ಏನೂ ತಪ್ಪಿದ್ದಿಲ್ಲ. ಆಕೀ ಮ್ಯಾಲ ಸುಳ್ಳು ಹೇಳಿದ್ನಿ. ಆಕೀನ್ನ ಬಿಟ್ಟು ನನಗ ಬದುಕಾಕ ಆಗವಲ್ದು."

ಡ್ರೈವರುಗಳು ಹಾರ್ನ್ ಬಾರಿಸಿದ್ದೇ ಬಾರಿಸಿದ್ದು. ಲಗಮಪ್ಪ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದರು.

"ಸಾಹೇಬ್ರ, ಬೇಕಾದ್ರ ಇನ್ನೊಂದು ಕಾಯಿ ಒಡೀರಿ" ಎಂದು ಮಹಾನಂದಾ ಪ್ರೋಗ್ರಾಮ್ ನಿಲ್ಲಿಸಿ, ಮತ್ತೆ ಶುರು ಮಾಡಿದಳು. ಅರ್ಧಕ್ಕರ್ಧ ಡಿಸ್ಕ್ ಖಾಲಿಯಾಯಿತು. ಮೊದಲ ಗಾಡಿ ಕಾಟಾ ಏರಿತು.

"ಸಿಟ್ಟು ಇಳೀತೇನ?" ಶಿವಲಿಂಗ ಮೆಲ್ಲಗೆ ಕೇಳಿದ.

"ಇಷ್ಟಕ್ಕ? ನಿನ್ನ ದಿನಾ ಕಣ್ಣ ಮುಂದ ಇಟ್ಕೊಂಡು, ಸಾಯೂತನ ಸೇಡು ತೀರಿಸ್ಕೋತೇನಿ. ನಿಮ್ಮವ್ವನ್ನ ಕರಕೊಂಡು ಸಂಗೊಳ್ಳಿಗೆ ಬಾ. ಬ್ಯಾಡ ಅಂದ ಬಾಯಿಲೇನ ಆಕಿ ನಮ್ಮವ್ವನ ಹತ್ರ ಹೆಣ್ಣು ಕೇಳಬೇಕು."

"ನಾಳೆ ಬರತೇವಿ."

"ನಾಳೆ ಯಾಕ?" ಎಂದಳು ಮಹಾನಂದಾ, ಕಣ್ಣೊರೆಸಿಕೊಳ್ಳುತ್ತ. "ಇವತ್ತ ಬರ್ರಿ."