ನಂಜಪ್ಪನವರ ಕೋಳಿ ಬ್ಯಾಡ್ಜುಗಳು

ಸೋಮವಾರ ಬೆಳಿಗ್ಗೆ 9.40ಕ್ಕೆ ಹಳ್ಳಿಮೈಸೂರು ಠಾಣೆಗೆ ಬಂದ ನಂಜಪ್ಪ ಕೂರುವ ಮೊದಲೇ ಗದರಿದರು. ಊರಿನ ದೊಡ್ಡ ಕೋಳಿ ಫಾರಂ ಅವರದು. ಠಾಣೆಯೂ ತಮ್ಮದೇ ಎಂಬ ಧಾಟಿ.

"ನಲವತ್ತು ವರ್ಸದಿಂದ ಕೂಡಾಕಿದ್ದೆ ಕಣಮ್ಮಾ. ಪೆಟ್ಟಿಗೆ ಸಮೇತ ಎತ್ಕಂಡೋಗವ್ರೆ!"

ಪೆಟ್ಟಿಗೆಯಲ್ಲಿದ್ದದ್ದು ಚಿನ್ನವಲ್ಲ, ಹಳೆಯ ತಗಡಿನ ಬ್ಯಾಡ್ಜುಗಳು. ಕೋಳಿ ಆಹಾರದ ಕಂಪನಿಗಳು, ಮರಿ ಕೇಂದ್ರಗಳು, ಮೊಟ್ಟೆ ವ್ಯಾಪಾರಿಗಳ ಸಮ್ಮೇಳನಗಳು ಒಂದು ಕಾಲದಲ್ಲಿ ಹಂಚಿದಂಥವು. ಪಿನ್ನಿನಿಂದ ಅಂಗಿಗೆ ಚುಚ್ಚಿಕೊಳ್ಳುವಂಥವು. ಹೆಡ್ ಕಾನ್‌ಸ್ಟೆಬಲ್ ಬೈರಯ್ಯ ನಗು ನುಂಗಿಕೊಂಡ. ಪಿಎಸ್‌ಐ ರಂಜಿನಿ ನಗಲಿಲ್ಲ. ಕಳವಿನ ಕಲಮಿನಡಿ ಎಫ್‌ಐಆರ್ ದಾಖಲಿಸಿದರು.

11.15ಕ್ಕೆ ಸ್ಥಳ ಪಂಚನಾಮೆ. ಕಳವಾದ ಭಾನುವಾರ ಮಧ್ಯಾಹ್ನ ನಂಜಪ್ಪ ಅರಕಲಗೂಡಿನಲ್ಲಿ ಬೀಗರ ಊಟದಲ್ಲಿದ್ದರು. ಆಳುಗಳೂ ಊಟಕ್ಕೆ ಹೋಗಿದ್ದರು. ಬ್ಯಾಡ್ಜಿನ ಕೋಣೆಗೆ ಮರಿಗಳ ಶೆಡ್ಡಿನೊಳಗಿಂದಲೇ ದಾರಿ. ಬೀಗದ ಕೈ ಸೂರಿನ ಸಂದಿಯಲ್ಲಿರುವುದು ಫಾರಮ್ಮಿನವರಿಗೆಲ್ಲ ಗೊತ್ತು. ಶೆಡ್ಡಿನ ಬಾಗಿಲಲ್ಲಿ ಸುಣ್ಣದ ಪುಡಿಯ ತಟ್ಟೆ. ಮರಿಗಳಿಗೆ ರೋಗ ತಗಲದಿರಲೆಂದು ಒಳಬರುವವರು ಅದನ್ನು ತುಳಿದೇ ಬರಬೇಕು. ಅಲ್ಲಿಂದ ಕೋಣೆಯವರೆಗೆ ಸಿಮೆಂಟಿನ ಮೇಲೆ ಬಿಳಿ ಹೆಜ್ಜೆಗಳಿದ್ದವು. ಬರಿಗಾಲು, ಚಿಕ್ಕವು.

"ಕದಿಯೋಕೆ ಬಂದೋರು ಸುಣ್ಣ ಯಾಕ್ರೀ ತುಳಿದ್ರು?" ಎಂದರು ರಂಜಿನಿ.

"ಅಭ್ಯಾಸ ಮೇಡಂ. ಮರಿ ಸಾಕ್ದೋರ್ಗೆ ಕಾಲು ತಾನಾಗೇ ಓಯ್ತದೆ," ಎಂದ ಬೈರಯ್ಯ.

ಆಳು ಶಿವಕುಮಾರನನ್ನು ಕರೆಸಿದರು.

"ಇಲ್ಲಿ ಬರಿಗಾಲಲ್ಲಿ ಓಡಾಡೋರು ಯಾರು?"

"ನಾವೆಲ್ಲ ಬೂಟಾಕ್ತೀವಿ ಮೇಡಂ. ಮದ್ಲು ಮರಿ ನೋಡ್ಕತಿದ್ದ ಸುಬ್ಬಮ್ಮಕ್ಕ ಒಬ್ರೇ ಬರಿಗಾಲು. ಬಿಟ್ಟು ಮೂರು ವರ್ಸಾಯ್ತು. ಈಗ ಹಳೇಕೋಟೆತವ ಇಟ್ಟಿಗೆ ಗೂಡಲ್ಲವ್ರೆ."

2.30ಕ್ಕೆ ಜೀಪು ಇಟ್ಟಿಗೆ ಗೂಡಿನ ಮುಂದೆ ನಿಂತಿತು. ಅರವತ್ತು ದಾಟಿದ ಸುಬ್ಬಮ್ಮ ಓಡಲಿಲ್ಲ.

"ಪೆಟ್ಟಿಗೆ ಎಲ್ಲಿ?"

"ನೆನ್ನೇನೇ ಗೂಡಿಗಾಕ್ದೆ."

ಬೂದಿ ಎಳೆಸಿದಾಗ ಕರಿ ತಗಡುಗಳು ಸಿಕ್ಕವು. ಒಂದರ ಮೇಲೂ ಅಕ್ಷರ ಉಳಿದಿರಲಿಲ್ಲ. ಪಂಚರ ಸಮಕ್ಷಮ ಜಪ್ತಿ ಮಾಡಲಾಯಿತು.

"ಯಾಕಮ್ಮ?"

"ತೊಂಬತ್ನಾಕ್ರಲ್ಲಿ ಹಾಸನದಾಗೆ ಕೋಳಿ ಪ್ರದರ್ಸನ. ನಾ ಸಾಕಿದ್ ಉಂಜಕ್ಕೆ ಫಸ್ಟು ಬಂತು. ದನದ ಡಾಕ್ಟ್ರು ನನ್ ಸೆರಗಿಗೆ ಬ್ಯಾಡ್ಜು ಚುಚ್ಚುದ್ರು. ಕೆಳಗಿಳಿಯೋದ್ರಾಗೆ ಈ ನಂಜಪ್ಪ ಕಿತ್ಕಂಡ. ಸೆರಗು ಅರ್ದೋಯ್ತು. 'ಕೂಲಿಯೋಳ್ಗೆ ಯಾಕಿದು' ಅಂದ. ಜನ ಎಲ್ಲಾ ನಕ್ರು. ಓದ್ವಾರ ಮೊಬೈಲ್ ವೀಡ್ಯೋದಾಗೆ ಆ ಬ್ಯಾಡ್ಜೇ ಇಡ್ಕಂಡು, ನಾನೇ ಸಾಕಿ ಗೆದ್ದಿದ್ದು ಅಂತವ್ನೆ. ಇಷ್ಟು ವರ್ಸ ನುಂಗ್ಕಂಡಿದ್ದೆ ಕಣವ್ವ. ಅದ್ ನೋಡುದ್ಮೇಲೆ ಆಗ್ನಿಲ್ಲ. ಅವ್ನೊಟ್ಟೇನೂ ಉರೀಲಿ ಅಂದ್ಕಂಡೆ."

ರಂಜಿನಿಗೆ ಸಿಟ್ಟು ಬಂತು, ಆರೋಪಿಯ ಮೇಲಲ್ಲ. ಆದರೂ ಕಳವು ಕಳವೇ. ಸಂಜೆ 4.10ಕ್ಕೆ ಮಹಿಳಾ ಪೇದೆ ನಾಗಲಕ್ಷ್ಮಿಯ ಮೂಲಕ ದಸ್ತಗಿರಿ ಮಾಡಿಸಿದರು.

ಠಾಣೆಯಲ್ಲಿ ಕರಿ ತಗಡುಗಳನ್ನು ಕಂಡ ನಂಜಪ್ಪ ಬೆಂಚಿನ ಮೇಲೆ ಕುಸಿದರು. ಒಂದೊಂದನ್ನೇ ಉಜ್ಜಿ ನೋಡುತ್ತ ಅತ್ತರು. ಸುಬ್ಬಮ್ಮ ಕಣ್ಣು ತುಂಬ ನೋಡಿದರು.

ನಂಜಪ್ಪ ಹೋದ ಮೇಲೆ, ಸುಬ್ಬಮ್ಮನ ಹೇಳಿಕೆ ಬರೆಯುತ್ತಿದ್ದ ರಂಜಿನಿ ಪೆನ್ನು ನಿಲ್ಲಿಸಿದರು.

"ನಿಮ್ಮದೊಂದನ್ನಾದ್ರೂ ಉಳಿಸ್ಕೋಬಹುದಿತ್ತಲ್ಲಮ್ಮ?"

"ಅದ್ನೇ ಮದ್ಲು ಉರಿಗಾಕಿದ್ದು. ಮಡಿಕಂಡಿದ್ರೆ ನೀವು ಇಡ್ಕಂಡೋಗ್ತಿದ್ರಿ. ಕೋರ್ಟು ತಿರ್ಗಾ ಅವ್ನ್ ಕೈಗೇ ಕೊಡ್ತಿತ್ತು."

ರಂಜಿನಿ ಅದನ್ನು ಹಾಗೆಯೇ ಬರೆದುಕೊಂಡರು.