ಒಂಬತ್ತನೇ ತರಗತಿಯ ಐದು ಅಂಕ

ಸಂಗಯ್ಯನ ಮಗಳಿಗೂ ಬಿಸಿಯೂಟದ ನಾಗಿಯ ಮಗಳಿಗೂ ನಡುವೆ ಇದ್ದದ್ದು ಐದೇ ಅಂಕ. ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ನಾಗಿಯ ಮಗಳು ಸೌಮ್ಯಳಿಗೆ ನೂರಕ್ಕೆ ತೊಂಬತ್ತಾರು, ಅವನ ಮಗಳು ಮಹೇಶ್ವರಿಗೆ ತೊಂಬತ್ತೊಂದು. ಸಿದ್ದಾಪುರ ತಾಲೂಕಿನ ಆ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿದ್ದ ಸಂಗಯ್ಯ ಆ ಎರಡೂ ಅಂಕವನ್ನು ತನ್ನ ಕೈಯಾರೆ ರಿಜಿಸ್ಟರಿಗೆ ಬರೆದಿದ್ದ. ಬರೆಯುವಾಗ ಹೊಟ್ಟೆ ಉರಿದಿತ್ತು. ಸೌಮ್ಯಳ ಮೇಲೆ ಅವನಿಗೆ ದ್ವೇಷವೇನೂ ಇರಲಿಲ್ಲ. ಎದುರು ಸಿಕ್ಕರೆ ನಮಸ್ಕಾರ ಹೇಳುವ ಹುಡುಗಿ, ಮಹೇಶ್ವರಿಯ ಪಕ್ಕದಲ್ಲೇ ಕೂರುವವಳು. ಆದರೆ ಅಷ್ಟೊಂದು ಅಂಕ ತೆಗೆಯುವ ಅಗತ್ಯ ಏನಿತ್ತು ಎಂಬುದು ಅವನ ಪ್ರಶ್ನೆ.

ಎಲ್ಲಕ್ಕೂ ಕಾರಣ ಧಾರವಾಡದಾಚೆಯ ಬಸರೀಗಿಡ ವಸತಿ ಕಾಲೇಜು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಸೇರಿ ಅಲ್ಲಿ ವರ್ಷಕ್ಕೆ ಒಂದು ಸೀಟು. ಸಿಕ್ಕಿದರೆ ಪಿಯುಸಿಯಿಂದ ಪದವಿಯವರೆಗೆ ಓದು, ಊಟ, ವಸತಿ ಎಲ್ಲ ಪುಕ್ಕಟೆ. ಅಲ್ಲಿ ಓದಿದವರು ಮುಂದೆ ಏನಾದರು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿ ಸೀಟು ಸಿಗುವುದು ಬಲು ಕಷ್ಟ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು, ಹೆತ್ತವರಿಗೆ ಅಷ್ಟು ಸಾಕು.

ಆ ಕಾಲೇಜು ಬರೀ ಅಂಕ ನೋಡುತ್ತಿರಲಿಲ್ಲ. ಮಗು ಒಂಬತ್ತರಲ್ಲಿ ಹೆಚ್ಚುವರಿ ಗಣಿತದಂಥ ಗಟ್ಟಿ ವಿಷಯ ತೆಗೆದುಕೊಂಡಿರಲೇಬೇಕು. ಗಟ್ಟಿ ವಿಷಯ ತೆಗೆದುಕೊಂಡರೆ ಅಂಕ ಬೀಳುತ್ತದೆ, ಅಂಕ ಬಿದ್ದರೆ ಕಾಲೇಜು ಮೂಸಿಯೂ ನೋಡುವುದಿಲ್ಲ. ವಿಷಯ ಆರಿಸುವಾಗಲೇ ಹೆಂಡತಿ ಗಂಗಾಂಬಿಕಾ ಹೇಳಿದ್ದಳು: "ಅಕೀಗೆ ಚಿತ್ರ ಬರಿಯೋದಂದ್ರ ಜೀವ ಐತಿ. ಚಿತ್ರಕಲಾನ ಕೊಡಸ್ರಿ."

"ಚಿತ್ರಾ ಬರ್ಯಾವ್ರನ್ನ ಅವ್ರು ಗೇಟಿನೊಳಗೂ ಬಿಡಂಗಿಲ್ಲ," ಎಂದು ಸಂಗಯ್ಯ ಬಾಯಿ ಮುಚ್ಚಿಸಿದ್ದ. ಮಹೇಶ್ವರಿ ಗಣಿತ ತೆಗೆದುಕೊಂಡಳು, ಅಂಕ ಕಳೆದುಕೊಂಡಳು. ಸೌಮ್ಯ ಅದೇ ಗಣಿತ ತೆಗೆದುಕೊಂಡು ಏನೂ ಕಳೆದುಕೊಳ್ಳಲಿಲ್ಲ. ಇದನ್ನು ಸಂಗಯ್ಯ ಅನ್ಯಾಯ ಎಂದೇ ತಿಳಿದ.

ಕಾಲೇಜಿನ ಕೈಪಿಡಿಯಲ್ಲಿ ಅಂಕದ ಲೆಕ್ಕವಿದ್ದ ಪುಟವನ್ನು ಅವನು ನಾಲ್ಕು ಸಲ ಓದಿದ. ಒಂಬತ್ತರ ಅಂಕ, ಹತ್ತರ ಅಂಕ ಎರಡನ್ನೂ ಕೂಡಿಸಿ, ಮೇಲಿನ ಮೂವರ ಪಟ್ಟಿ ಮಾಡಿ, ಅದರಿಂದ ಒಬ್ಬರನ್ನು ಆರಿಸುತ್ತಾರೆ. ಹತ್ತರ ಅಂಕ ಪರೀಕ್ಷಾ ಮಂಡಳಿಯಿಂದ ನೇರವಾಗಿ ಹೋಗುತ್ತದೆ, ಅದನ್ನು ಮುಟ್ಟುವಂತಿಲ್ಲ. ಒಂಬತ್ತರದ್ದನ್ನು ಮಾತ್ರ ಶಾಲೆಯೇ ದೃಢೀಕರಿಸಿ, ಮುಚ್ಚಿದ ಲಕೋಟೆಯಲ್ಲಿ ಅರಗಿನ ಮುದ್ರೆ ಒತ್ತಿ ಕಳಿಸಬೇಕು. ಟೈಪು ಮಾಡುವವನು ಸಂಗಯ್ಯ, ಅರಗು ಕರಗಿಸುವವನು ಸಂಗಯ್ಯ, ಅಂಚೆಗೆ ಹಾಕುವವನೂ ಸಂಗಯ್ಯ. ಇಷ್ಟೆಲ್ಲ ಒಬ್ಬನ ಕೈಗೆ ಕೊಟ್ಟು, ನೀನು ಪ್ರಾಮಾಣಿಕನಾಗಿರು ಎಂದರೆ ತಪ್ಪು ಯಾರದು ಎಂದು ಅವನು ತನ್ನನ್ನೇ ಕೇಳಿಕೊಂಡ. ಉತ್ತರ ತನ್ನ ಪರವಾಗಿಯೇ ಬಂತು.

ದಡ್ಡರು ರಿಜಿಸ್ಟರ್ ತಿದ್ದುತ್ತಾರೆ, ಸಿಕ್ಕಿಬೀಳುತ್ತಾರೆ. ಅವನು ರಿಜಿಸ್ಟರನ್ನು ಮುಟ್ಟಲಿಲ್ಲ. ಸೌಮ್ಯಳ ಹಾಳೆಯಿಂದ ಹೆಚ್ಚುವರಿ ಗಣಿತವನ್ನೇ ಹಾರಿಸಿಬಿಡೋಣ ಎಂದು ಒಮ್ಮೆ ಅನ್ನಿಸಿತ್ತು. ಆದರೆ ಗಣಿತದ ದಾಕ್ಷಾಯಿಣಿ ಟೀಚರಿಗೆ ಸೌಮ್ಯಳ ಮೇಲೆ ಪ್ರಾಣ, ಎಲ್ಲಾದರೂ ಬಾಯಿ ಬಿಟ್ಟಾರು ಎಂದು ಬಿಟ್ಟುಕೊಟ್ಟ. ಬದಲಾಗಬೇಕಾದ್ದು ಲಕೋಟೆಯೊಳಗಿನ ಎರಡು ಸಂಖ್ಯೆ ಮಾತ್ರ. ಮುಂದೆ ಯಾರಾದರೂ ಕೇಳಿದರೆ ಟೈಪಿನ ತಪ್ಪು ಎಂದರಾಯಿತು.

ಎಷ್ಟು ಬದಲಿಸಬೇಕು ಎಂಬುದರಲ್ಲೇ ಅವನ ಜಾಣತನವೆಲ್ಲ ಇತ್ತು. ಮಗಳದ್ದನ್ನು ತೊಂಬತ್ತೇಳು ಮಾಡಿದ. ತೊಂಬತ್ತೊಂಬತ್ತು ಮಾಡಿದ್ದರೆ ಅವನೇ ನಂಬುತ್ತಿರಲಿಲ್ಲ. ಸೌಮ್ಯಳದ್ದನ್ನು ಎಂಬತ್ತೆಂಟಕ್ಕೆ ಇಳಿಸಿದ. ಇನ್ನೂ ಇಳಿಸಬಹುದಿತ್ತು, ಆದರೆ ಮೂವರ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲದಿದ್ದರೆ ದಾಕ್ಷಾಯಿಣಿ ಟೀಚರು ಸುಮ್ಮನಿರುವವರಲ್ಲ. ಹುಡುಗಿ ಪಟ್ಟಿಯಲ್ಲಿ ಬರಲಿ, ಮೂರನೆಯವಳಾಗಿ ಬರಲಿ, ಎಲ್ಲರೂ ಸಮಾಧಾನಪಡಲಿ. ಇಷ್ಟು ಸಂಯಮ ತನ್ನಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ತನ್ನ ಬಗ್ಗೆ ಹೆಮ್ಮೆಯೆನಿಸಿತು.

ಹೆಡ್‌ಮಾಸ್ತರ್ ವಿಘ್ನೇಶ್ವರ ಹೆಗಡೆಯವರಿಗೆ ಎರಡು ಶಾಲೆಯ ಪ್ರಭಾರ. ಈ ಶಾಲೆಗೆ ಬರುತ್ತಿದ್ದದ್ದು ವಾರಕ್ಕೆ ಮೂರು ದಿನ. ಕಾಗದದ ಕಟ್ಟು ಮುಂದಿಟ್ಟರೆ ಮೊದಲನೆಯದನ್ನು ಓದುತ್ತಿದ್ದರು, ಕೊನೆಯದನ್ನು ಓದುತ್ತಿದ್ದರು, ನಡುವಿನವಕ್ಕೆ ಸಹಿ ಹಾಕುತ್ತಿದ್ದರು. ಅರ್ಜಿ ಹಾಕಿದವರು ನಾಲ್ವರು. ಸಂಗಯ್ಯ ಪವನನ ಹಾಳೆಯನ್ನು ಮೇಲಿಟ್ಟ, ಮಮತಾಳದ್ದನ್ನು ಅಡಿಗಿಟ್ಟ. ಎರಡೂ ಅಪ್ಪಟ ಸತ್ಯ.

"ಎಂತ ಸಂಗಯ್ಯಾ, ಇವತ್ತೇ ಆಗ್ಬೇಕಾ ಇದು?"

"ಹೌದ್ರಿ ಸರ, ನಾಳೆ ಕಡೇ ದಿನ ಐತ್ರಿ."

"ನೀನು ಒಂದ್ಸಲ ನೋಡಿದ್ಯಲ್ಲ? ತಪ್ಪು ಗಿಪ್ಪು ಇಲ್ಲೆ ಅಲ್ದಾ?"

"ನೋಡೇನ್ರಿ ಸರ. ಎರಡೆರಡು ಸಲ ನೋಡೇನಿ."

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಗಡೆಯವರು ಮೊಬೈಲಿನಲ್ಲಿ ಯಾರಿಗೋ ಸಭೆಯ ಸಮಯ ಹೇಳುತ್ತ ನಾಲ್ಕೂ ಕಡೆ ಸಹಿ ಹಾಕಿದರು.

ಅಂಚೆಗೆ ಹೊರಟಾಗ ಅಡುಗೆ ಕೋಣೆಯ ಬಾಗಿಲಲ್ಲಿ ನಾಗಿ ಸಿಕ್ಕಳು. ಗಂಡ ಕೆರಿಯಪ್ಪ ಮನ್ಮನೆ ಎಂಬ ಊರಿನಲ್ಲಿ ಒಂದೂವರೆ ಎಕರೆ ಗದ್ದೆ ಮಾಡಿಕೊಂಡಿದ್ದ. ಇವಳು ದಿನವೂ ಇನ್ನೂರು ಮಕ್ಕಳಿಗೆ ಅನ್ನ ಸಾರು ಬೇಯಿಸುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಲಕೋಟೆಯನ್ನೇ ನೋಡಿದಳು.

"ಸಾರ್, ನಮ್ಮ ಸೌಮ್ಯಂದೂ ಇದ್ರಲ್ಲೇ ಹೋಗೂದಾ?"

"ಹೌದವಾ. ಇದರಾಗನ ಐತಿ."

"ನಂಗೆ ಇದೆಲ್ಲ ಎಂತದೂ ಗೊತ್ತಾಗೂದಿಲ್ಲ. ನೀವು ಇದ್ದೀರಲ್ಲ ಅಂತ ಧೈರ್ಯ," ಎಂದು ಹೇಳಿ ಅವಳು ಒಳಗೆ ಹೋದಳು.

ಸಂಗಯ್ಯನಿಗೆ ನಾಚಿಕೆಯಾಯಿತು. ಗೇಟು ದಾಟುವವರೆಗೂ ನಾಚಿಕೆಯಾಯಿತು. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ರಸೀದಿ ಕೈಗೆ ಬರುವ ಹೊತ್ತಿಗೆ, ಸೌಮ್ಯಳಂಥ ಬುದ್ಧಿವಂತೆ ಎಲ್ಲಿದ್ದರೂ ಮುಂದೆ ಬರುತ್ತಾಳೆ, ಸಹಾಯ ಬೇಕಿರುವುದು ನನ್ನ ಮಗಳಿಗೆ ಎಂಬ ವಿಚಾರ ಹೊಳೆದು ಮನಸ್ಸು ಹಗುರವಾಯಿತು.

ಮೇ ತಿಂಗಳಲ್ಲಿ ಹತ್ತನೆಯದರ ಫಲಿತಾಂಶ ಬಂತು. ಸೌಮ್ಯಳಿಗೆ ತೊಂಬತ್ತೇಳು. ಮಹೇಶ್ವರಿ ಎಲ್ಲರೂ ಬೆರಗಾಗುವಂತೆ ತೊಂಬತ್ತೈದು ತೆಗೆದಿದ್ದಳು. ವರ್ಷವಿಡೀ ಚಿತ್ರದ ಪುಸ್ತಕ ಮುಟ್ಟದೆ ಓದಿದ ಹುಡುಗಿ ಅದು. ಗಂಗಾಂಬಿಕಾ ಮಗಳ ಕೆನ್ನೆ ಸವರಿ ಅತ್ತಳು. ಸಂಗಯ್ಯನಿಗೂ ಸಂತೋಷವಾಯಿತು. ಜೊತೆಗೆ, ಇಷ್ಟು ಚೆನ್ನಾಗಿ ಓದುತ್ತಾಳೆ ಎಂದು ಮೊದಲೇ ಹೇಳಬಾರದಿತ್ತೇ ಎಂದು ಸ್ವಲ್ಪ ಸಿಟ್ಟೂ ಬಂತು.

ವಾರದ ನಂತರ ಮೂವರ ಪಟ್ಟಿ ಬಂತು. ಮಹೇಶ್ವರಿ ನೂರಾ ತೊಂಬತ್ತೆರಡು, ಯಲ್ಲಾಪುರದ ಭರತ್ ಎಂಬ ಹುಡುಗ ನೂರಾ ಎಂಬತ್ತೇಳು, ಸೌಮ್ಯ ನೂರಾ ಎಂಬತ್ತೈದು. ಎಲ್ಲ ಅವನು ಬರೆದಿಟ್ಟಂತೆಯೇ ಆಗಿತ್ತು. ಸಂಗಯ್ಯ ಪೇಡೆ ತರಿಸಿ ಕಚೇರಿಯಲ್ಲಿ ಹಂಚಿದ. ರಜೆಯಲ್ಲಿ ಪಾತ್ರೆ ತೊಳೆಯಲು ಬಂದಿದ್ದ ನಾಗಿಗೂ ಎರಡು ಕೊಟ್ಟ. ಅವಳು ಒಂದನ್ನು ಮಗಳಿಗೆಂದು ಕಾಗದದಲ್ಲಿ ಸುತ್ತಿಕೊಂಡಳು.

"ನಮ್ಮ ಹುಡ್ಗಿ ಮೂರ್ನೇದಾದ್ರೂ ಬಂತಲ್ಲ ಸಾರ್, ನಮಗೆ ಅಷ್ಟೇ ದೊಡ್ಡದು," ಎಂದಳು.

"ಖರೇ ಹೇಳಿದಿ ನೋಡವಾ," ಎಂದ ಸಂಗಯ್ಯ.

ಅಂತಿಮ ಆಯ್ಕೆಯ ಪತ್ರ ಬಂದ ದಿನ ಕಚೇರಿಯಲ್ಲಿ ಅವನೊಬ್ಬನೇ ಇದ್ದ. ಆಯ್ಕೆಯಾದವರು ಸೌಮ್ಯ ಕೆರಿಯಪ್ಪ ನಾಯ್ಕ, ಸಿದ್ದಾಪುರ. ಕೈಪಿಡಿಯ ಎರಡನೇ ಪುಟದಂತೆ, ಎಂದು ಕೆಳಗಿತ್ತು. ಸಂಗಯ್ಯ ಕೈಪಿಡಿ ತೆರೆದ. ಎರಡನೇ ಪುಟ ಸಂಸ್ಥಾಪಕರ ಜೀವನ ಚರಿತ್ರೆ. ಅದನ್ನು ಜಗತ್ತಿನಲ್ಲಿ ಯಾರೂ ಓದುವುದಿಲ್ಲ, ಅವನೂ ಓದಿರಲಿಲ್ಲ. ಆ ಮಹನೀಯರು ಒಂಬತ್ತರಲ್ಲಿ ಒಮ್ಮೆ ನಪಾಸಾಗಿ, ಹತ್ತರಲ್ಲಿ ಜಿಲ್ಲೆಗೇ ಮೊದಲಿಗರಾದವರಂತೆ. ಅವರ ಇಚ್ಛೆಯಂತೆ ಪಟ್ಟಿಯ ಮೂವರಲ್ಲಿ, ಒಂಬತ್ತರಿಂದ ಹತ್ತಕ್ಕೆ ಯಾರು ಹೆಚ್ಚು ಮೇಲೇರಿದ್ದಾರೋ ಅವರಿಗೇ ಸೀಟು. ಸೌಮ್ಯ ಒಂಬತ್ತು ಅಂಕ ಏರಿದ್ದಳು, ಭರತ್ ಮೂರು ಏರಿದ್ದ, ಮಹೇಶ್ವರಿ ಎರಡು ಇಳಿದಿದ್ದಳು. ಆಕ್ಷೇಪಣೆ ಇದ್ದವರು ಏಳು ದಿನದೊಳಗೆ ಶಾಲೆಯ ಮೂಲ ರಿಜಿಸ್ಟರಿನ ನಕಲು ಕಳಿಸಬಹುದು ಎಂದೂ ಪತ್ರದಲ್ಲಿತ್ತು. ಸಂಗಯ್ಯ ರಿಜಿಸ್ಟರ್ ತೆರೆದು, ತಾನೇ ಬರೆದ ಅಂಕಗಳ ಮೇಲೆ ಬೆರಳಿಟ್ಟು ಮತ್ತೆ ಲೆಕ್ಕ ಹಾಕಿದ. ಯಾರೂ ಏನೂ ಮಾಡದೆ ಇದ್ದಿದ್ದರೂ ಪಟ್ಟಿಯಲ್ಲಿ ಇದೇ ಮೂವರು. ಆಗ ಸೌಮ್ಯ ಏರಿದ್ದು ಬರೀ ಒಂದು ಅಂಕ, ಭರತನದು ಅದೇ ಮೂರು. ಮಹೇಶ್ವರಿ ನಾಲ್ಕು ಅಂಕ ಏರಿದ್ದಳು.